ಕೈಗುಣವೂ ಅಲ್ಲ, ಕಣ್ಣು ತಾಕಿದ್ದೂ ಅಲ್ಲ, ರಸಸಾರ ಕಣ್ರೀ!

ಇವತ್ತು ಸ್ವಲ್ಪ ಜಗಳ ಆಡೋ ಮೂಡಲ್ಲಿದೀನಿ. ಯಾರ ಹೆಸರೂ ಹೇಳಲ್ಲ, ಯಾರ ಬರಹಕ್ಕೂ ಕೊಂಡಿ ಕೊಡಲ್ಲ. ಆದ್ರೆ ಟೆರೇಸ್ ತೋಟ, ಬಾಲ್ಕನಿ ತೋಟ ಅಂತ ಕನ್ನಡದಲ್ಲಿ ಬರೀತಿರೋರು, ಅದನ್ನ ವಾಟ್ಸಾಪಿನಲ್ಲಿ ತಳ್ಳುತ್ತಿರೋರು, ಮೂವತ್ತು ಸೆಕೆಂಡಿನ ರೀಲು ಮಾಡ್ತಿರೋರು, ಎಲ್ಲರ ಮೇಲೂ ನಂಗೆ ಒಂದು ತಕರಾರಿದೆ.

ಎಲೆ ಹಳದಿಯಾಗ್ತಿದೆಯಾ? ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ. ಗುಲಾಬಿ ಹೂ ಬಿಡ್ತಿಲ್ವಾ? ಕಾಫಿ ಚರಟ ಹಾಕಿ. ಮಲ್ಲಿಗೆ ಸೊರಗಿದೆಯಾ? ಒಂದು ಹಿಡಿ ಬೂದಿ. ಯಾವುದಕ್ಕೂ ಬಗ್ಗಲಿಲ್ವಾ? ಎಪ್ಸಮ್ ಸಾಲ್ಟ್. ಇದಿಷ್ಟೇ ಪಂಚಾಂಗ. ಯಾವ ಊರು, ಯಾವ ಮಣ್ಣು, ಯಾವ ನೀರು, ಯಾವ ಗಿಡ? ಒಬ್ಬರೂ ಕೇಳಲ್ಲ. ಜ್ವರ ನೋಡದೆ ಮಾತ್ರೆ ಕೊಡೋ ಡಾಕ್ಟರನ್ನ ನಾವು ಬೈತೀವಿ, ಆದ್ರೆ ಗಿಡದ ವಿಷಯಕ್ಕೆ ಬಂದ್ರೆ ಎಲ್ಲರೂ ಅಂಥ ಡಾಕ್ಟರುಗಳೇ.

ಆಮೇಲೆ ಏನಾಗುತ್ತೆ ಅಂತ ನಿಮಗೆ ಗೊತ್ತಿರೋದೇ. ನರ್ಸರಿಯಲ್ಲಿ ಹಚ್ಚಗೆ ಮಿಂಚುತ್ತಿದ್ದ ಗಿಡ ಮನೆಗೆ ಬಂದು ಮೂರು ನಾಲ್ಕು ತಿಂಗಳಿಗೆ ಚಿಗುರೆಲ್ಲ ಬಿಳಿಚಿಕೊಳ್ಳುತ್ತೆ. ಗೊಬ್ಬರ ಹಾಕಿದಷ್ಟೂ ಸೊರಗುತ್ತೆ. ಕೊನೆಗೆ, "ನನ್ನ ಕೈಗುಣ ಸರಿಯಿಲ್ಲ ಕಣ್ರೀ, ನನ್ ಕೈಲಿ ಗಿಡ ಬರಲ್ಲ" ಅಂತ ಒಂದು ನಿಟ್ಟುಸಿರು. ಪಕ್ಕದ ಮನೆಯವರ ಕಣ್ಣು ತಾಕಿತು ಅನ್ನೋರೂ ಇದಾರೆ. ಕುಂಡದ ಪಕ್ಕ ದೃಷ್ಟಿಗೊಂಬೆ ಇಟ್ಟವರನ್ನ ನಾನೇ ನೋಡಿದೀನಿ.

ಕೈಗುಣ ಅಲ್ಲ ಸ್ವಾಮಿ. ಬಹಳಷ್ಟು ಸಲ ಅದು ಪಿಎಚ್. ನಮ್ಮ ಕೃಷಿ ವಿಶ್ವವಿದ್ಯಾಲಯದವರು ಅದಕ್ಕೆ 'ರಸಸಾರ' ಅಂತ ಎಷ್ಟು ಚಂದದ ಹೆಸರಿಟ್ಟಿದಾರೆ. ಹೆಸರಿದೆ, ಬಳಸೋರಿಲ್ಲ.

ಪಿಎಚ್ ಅನ್ನೋ ಅಳತೆಯನ್ನ 1909ರಲ್ಲಿ ಕೊಟ್ಟವನು ಸೋರೆನ್ಸೆನ್ ಅನ್ನೋ ಡೇನಿಷ್ ರಸಾಯನಶಾಸ್ತ್ರಜ್ಞ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಮಾಡೋ ಅದೇ ಕಾರ್ಲ್ಸ್‌ಬರ್ಗ್ :-) 7 ಅಂದ್ರೆ ನಡು, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ, ಇಷ್ಟು ಹೈಸ್ಕೂಲಿನಲ್ಲೇ ಓದಿರ್ತೀವಿ. ಮರೆಯೋದು ಏನಂದ್ರೆ ಅದು ಲಾಗರಿದಮ್ ಲೆಕ್ಕ. 6ರ ಮಣ್ಣಿಗಿಂತ 5ರ ಮಣ್ಣು ಹತ್ತು ಪಟ್ಟು ಹುಳಿ. 7ಕ್ಕಿಂತ 5 ನೂರು ಪಟ್ಟು. ಹಾಗಾಗಿ "6.2 ಇದ್ದರೇನು, 7.8 ಇದ್ದರೇನು, ಒಂದೂವರೆ ತಾನೇ ವ್ಯತ್ಯಾಸ" ಅನ್ನೋ ಹಾಗಿಲ್ಲ. ಇನ್ನೊಂದು ತಪ್ಪು ತಿಳುವಳಿಕೆ, '7 ಅಂದ್ರೆ ನ್ಯೂಟ್ರಲ್, ಆದ್ದರಿಂದ ಅದೇ ಒಳ್ಳೇದು' ಅನ್ನೋದು. ಗಿಡಕ್ಕೆ ಹಾಗಿಲ್ಲ. ಮಣ್ಣಿನ ಕುಂಡದಲ್ಲಿ ಹೆಚ್ಚಿನ ಗಿಡಗಳಿಗೆ 6ರಿಂದ 7ರ ಒಳಗೆ ಹಿತ. ಕೋಕೋಪೀಟ್ ತುಂಬಿದ ಕುಂಡವಾದ್ರೆ ಇನ್ನೂ ಅರ್ಧ ಅಂಕಿ ಕೆಳಗೆ. ಗಾರ್ಡೇನಿಯಾ, ಇಕ್ಸೋರಾ, ಅಜೇಲಿಯಾ ಥರದವಕ್ಕೆ 5ರಿಂದ 6ರ ಹುಳಿಯೇ ಇಷ್ಟ.

ಇಕ್ಸೋರಾ ಅಂದೆನಲ್ಲ, ಕರಾವಳಿಯವರಿಗೆ ಕೇಪಳ ಅಂದ್ರೆ ತಟ್ಟನೆ ಗೊತ್ತಾಗುತ್ತೆ. ಮಂಗಳೂರು, ಪುತ್ತೂರಿನ ಕಡೆ ಮುರಕಲ್ಲಿನ ಗುಡ್ಡದ ಮೇಲೆ ಯಾರೂ ನೀರು ಗೊಬ್ಬರ ಕೊಡದೆ ಕೆಂಪಗೆ ಗೊಂಚಲು ಬಿಡೋ ಗಿಡ ಅದು. ಅದರದೇ ಜಾತಿಯ ಕುಳ್ಳ ಗಿಡವನ್ನ ಬೆಂಗಳೂರಿನ ನರ್ಸರಿಯಿಂದ ತಂದು, ಬಂಗಾರದಂಥ ಕೆಂಪುಮಣ್ಣು, ಎರೆಗೊಬ್ಬರ ಎಲ್ಲ ಹಾಕಿ ಸಾಕಿದ್ರೆ ವರ್ಷದೊಳಗೆ ಮುಖ ಬಿಳಿಚಿಕೊಳ್ಳುತ್ತೆ. ಚಿಗುರೆಲೆ ಹಳದಿ, ನರಗಳು ಮಾತ್ರ ಹಸಿರು. ಇದು ಕಬ್ಬಿಣದ ಕೊರತೆಯ ಗುರುತು. ಹಳೇ ಎಲೆ ಪೂರ್ತಿ ಹಳದಿಯಾಗಿ ಉದುರಿದ್ರೆ ಅದು ಸಾರಜನಕದ್ದು. ಹಳೇ ಎಲೆಯಲ್ಲೇ ನರ ಹಸಿರಾಗಿ ಉಳಿದು ನಡುವೆ ಹಳದಿಯಾದ್ರೆ ಮೆಗ್ನೀಸಿಯಂದು. ಎಪ್ಸಮ್ ಸಾಲ್ಟ್ ಕೆಲಸಕ್ಕೆ ಬರೋದು ಆ ಕೊನೆಯದಕ್ಕೆ ಮಾತ್ರ, ಅದರಿಂದ ರಸಸಾರವೇನೂ ಬದಲಾಗಲ್ಲ. ಚಿಗುರು ಹಳದಿಯೋ, ಹಳೇ ಎಲೆ ಹಳದಿಯೋ ಅನ್ನೋದನ್ನ ಕೇಳದೆ 'ಎಲೆ ಹಳದಿಯಾದರೆ ಹೀಗೆ ಮಾಡಿ' ಅಂತ ಬರೆಯೋದೇ ಮೊದಲ ಅಪರಾಧ.

ತಮಾಷೆ ನೋಡಿ, ಕೆಂಪುಮಣ್ಣಿನ ಕೆಂಪೇ ಕಬ್ಬಿಣದ್ದು. ಕಬ್ಬಿಣದ ರಾಶಿಯ ಮೇಲೆ ನಿಂತು ಗಿಡ ಕಬ್ಬಿಣವಿಲ್ಲದೆ ಸಾಯ್ತಿದೆ! ಯಾಕಂದ್ರೆ ಗಿಡ ಕುಡಿಯೋದು ನೀರಲ್ಲಿ ಕರಗಿದ ಕಬ್ಬಿಣವನ್ನ. ರಸಸಾರ ಒಂದು ಅಂಕಿ ಏರಿದ್ರೆ ಮಣ್ಣಿನ ಫೆರಿಕ್ ಕಬ್ಬಿಣ ಕರಗೋದು ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತೆ. ಹತ್ತಲ್ಲ, ನೂರಲ್ಲ, ಸಾವಿರ. ಮುರಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷ ಸುರಿದ ಮಳೆ ಸುಣ್ಣದಂಶವನ್ನೆಲ್ಲ ತೊಳೆದು ಮಣ್ಣನ್ನ ಹುಳಿ ಮಾಡಿಟ್ಟಿದೆ, ಕೇಪಳಕ್ಕೆ ಅಲ್ಲಿ ದಿನವೂ ಹಬ್ಬ.

ಸರಿ, ಬೆಂಗಳೂರಿನ ಕೆಂಪುಮಣ್ಣು ಅಷ್ಟೇನೂ ಕ್ಷಾರ ಅಲ್ವಲ್ಲ, ಕುಂಡದಲ್ಲಿ ರಸಸಾರ ಏರೋದು ಹೇಗೆ? ಇಲ್ಲೇ ಇರೋದು ನನ್ನ ತಕರಾರಿನ ಮುಖ್ಯ ಭಾಗ. ಅಪರಾಧಿ ಮಣ್ಣಲ್ಲ, ನೀರು. ಬೋರ್‌ವೆಲ್ ನೀರು.

ನೀರಿನ ರಿಪೋರ್ಟಲ್ಲಿ 'ಟೋಟಲ್ ಆಲ್ಕಲಿನಿಟಿ' ಅಂತ ಒಂದು ಸಾಲಿರುತ್ತೆ. ಅದು ನೀರಿನ ಪಿಎಚ್ ಅಲ್ಲ, ನೀರಲ್ಲಿ ಕರಗಿರೋ ಬೈಕಾರ್ಬೊನೇಟಿನ ಲೆಕ್ಕ, ಸುಣ್ಣದ ಲೆಕ್ಕಕ್ಕೆ ಪರಿವರ್ತಿಸಿ ಹೇಳಿದ್ದು. ಲೀಟರಿಗೆ 300 ಮಿಲಿಗ್ರಾಂ ಅಂತ ಇಟ್ಕೊಳ್ಳಿ, ಬೋರ್ ನೀರಿಗೆ ಇದೇನೂ ಅಪರೂಪವಲ್ಲ. ಹತ್ತು ಇಂಚಿನ ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಹಾಕ್ತೀರಿ. ಅಂದ್ರೆ ದಿನಕ್ಕೆ 150 ಮಿಲಿಗ್ರಾಂ ಸುಣ್ಣಕ್ಕೆ ಸಮ. ವರ್ಷಕ್ಕೆ? 365ರಿಂದ ಗುಣಿಸಿ. ಹತ್ತಿರ ಹತ್ತಿರ 55 ಗ್ರಾಂ! ಎಂಟೊಂಬತ್ತು ಲೀಟರ್ ಮಣ್ಣು ಹಿಡಿಯೋ ಕುಂಡಕ್ಕೆ ವರ್ಷಕ್ಕೆ ಹತ್ತು ಚಮಚದಷ್ಟು ಸುಣ್ಣ. ಕೆಳಗಿನ ತೂತಿನಿಂದ ಹರಿದು ಹೋಗೋದನ್ನ, ಮಳೆಗಾಲದಲ್ಲಿ ನೀರು ಹಾಕದ ದಿನಗಳನ್ನ ಕಳೆದು ಅರ್ಧ ಅಂತ ಹಿಡಿದ್ರೂ ಸಣ್ಣ ಮೊತ್ತ ಅಲ್ಲ. ಬಕೆಟ್ಟಿನ ಅಂಚಲ್ಲಿ, ಗೀಸರ್ ಕಾಯಿಲ್ ಮೇಲೆ, ಶವರಿನ ತೂತಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಮಹಾರಾಯ ನಿಮ್ಮ ಕುಂಡದೊಳಗೂ ಕೂತಿರ್ತಾನೆ.

ಈಗ ಅದೇ ಕುಂಡಕ್ಕೆ ಮೊಟ್ಟೆ ಸಿಪ್ಪೆ ಹಾಕಿ ಅಂತೀರಲ್ಲ! ಮೊಟ್ಟೆ ಸಿಪ್ಪೆ ಅಂದ್ರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲು. ಸುಣ್ಣದಿಂದ ಕಾಯಿಲೆ ಬಿದ್ದವನಿಗೆ ಸುಣ್ಣದ ಮಾತ್ರೆ. ಪುಣ್ಯಕ್ಕೆ ಹೆಚ್ಚಿನವರು ನುಣ್ಣಗೆ ಪುಡಿ ಮಾಡಲ್ಲ, ಕೈಯಲ್ಲಿ ಮುರಿದು ಹಾಕ್ತಾರೆ, ದಪ್ಪ ಚೂರು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ, ಗಿಡ ಬಚಾವ್. ಬೂದಿ ಇನ್ನೂ ಜೋರು, ಅದು ಸುಣ್ಣಕ್ಕಿಂತ ಬೇಗ ಕೆಲಸ ಮಾಡೋ ಕ್ಷಾರ.

ಕಾಫಿ ಚರಟ ಹುಳಿ ಅಂತ ಇನ್ನೊಂದು ನಂಬಿಕೆ. ಕಾಫಿಯ ಹುಳಿಯಲ್ಲಿ ಹೆಚ್ಚಿನದು ಫಿಲ್ಟರಿನಿಂದ ಇಳಿದು ನಿಮ್ಮ ಲೋಟಕ್ಕೆ ಬಂದು ನೀವು ಕುಡಿದಾಗಿರುತ್ತೆ. ಉಳಿದ ಚರಟ 7ರ ಆಸುಪಾಸಿನಲ್ಲೇ ಇರುತ್ತೆ. ಕಾಂಪೋಸ್ಟಿಗೆ ಹಾಕಿ, ಒಳ್ಳೇದೇ. ಆದ್ರೆ ಅದರಿಂದ ರಸಸಾರ ಇಳಿಯುತ್ತೆ ಅಂತ ಕಾಯಬೇಡಿ.

ನಿಂಬೆರಸ, ವಿನೆಗರ್ ಹಾಕಿ ಅನ್ನೋರು ದಿಕ್ಕನ್ನಾದ್ರೂ ಸರಿ ಹಿಡಿದಿದಾರೆ. ಬಕೆಟ್ಟಿಗೆ ಹಾಕಿದ ಕೂಡಲೇ ನೀರಿನ ಪಿಎಚ್ ಇಳಿಯೋದೂ ನಿಜ. ಆದ್ರೆ ಇವು ಸಾವಯವ ಆಮ್ಲಗಳು. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರೇಟನ್ನೂ ಅಸಿಟೇಟನ್ನೂ ತಿಂದುಹಾಕಿದ ಮೇಲೆ ಬೈಕಾರ್ಬೊನೇಟ್ ಮತ್ತೆ ಹಾಜರಾಗುತ್ತೆ. ಸಾಲ ತಂದು ಸಾಲ ತೀರಿಸಿದ ಹಾಗೆ. ದೊಡ್ಡ ನರ್ಸರಿಗಳವರು ನೀರಿಗೆ ಫಾಸ್ಫಾರಿಕ್, ಸಲ್ಫ್ಯೂರಿಕ್ ಥರದ ಖನಿಜ ಆಮ್ಲ ಅಳತೆ ಮಾಡಿ ಬೆರೆಸೋದು ಇದಕ್ಕೇ. (ಮನೆಯಲ್ಲಿ ಅದರ ಸಾಹಸ ಖಂಡಿತ ಬೇಡ.)

ಇದಕ್ಕಿಂತ ಸಿಟ್ಟು ಬರಿಸೋದು ಎರಡಿವೆ. ಒಂದು, ಅಪಾರ್ಟ್‌ಮೆಂಟಿನ ಸಾಫ್ಟ್‌ನರ್. 'ನಮ್ದು ಸಾಫ್ಟ್ ವಾಟರ್, ಗಿಡಕ್ಕೆ ಏನೂ ತೊಂದರೆಯಿಲ್ಲ' ಅಂತಾರೆ. ಸಾಫ್ಟ್‌ನರ್ ಮಾಡೋದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸೋದು. ಬೈಕಾರ್ಬೊನೇಟ್ ಒಂಚೂರೂ ಕಡಿಮೆಯಾಗಲ್ಲ. ಸೋಡಿಯಂ ಮತ್ತು ಬೈಕಾರ್ಬೊನೇಟ್ ಸೇರಿದ್ರೆ ಏನ್ರೀ? ಅಡುಗೆ ಸೋಡಾ! ಗಿಡಕ್ಕೆ ದಿನಾ ತೆಳು ಸೋಡಾ ನೀರು ಹುಯ್ತಿದೀರಿ. ಎರಡನೇದು, ಆರ್‌ಒ ಫಿಲ್ಟರಿನ ವೇಸ್ಟ್ ನೀರು. ಜಲಸಂರಕ್ಷಣೆ ಅಂತ ಹೆಮ್ಮೆಯಿಂದ ಡ್ರಮ್ಮಿಗೆ ಹಿಡಿದು ಕುಂಡಕ್ಕೆ ಹಾಕ್ತಾರೆ. ಉದ್ದೇಶಕ್ಕೆ ಕೈಮುಗೀತೀನಿ, ಆದ್ರೆ ಅದು ನೀವು ಬೇಡ ಅಂದ ಉಪ್ಪನ್ನೆಲ್ಲ ಇನ್ನೂ ಗಟ್ಟಿ ಮಾಡಿ ಕೊಡೋ ನೀರು. ನೆಲ ಒರೆಸಿ, ಗಾಡಿ ತೊಳೀರಿ, ಟಾಯ್ಲೆಟ್ಟಿಗೆ ಹಾಕಿ.

'ಗಿಡ ತಾನೇ, ಹೋದ್ರೆ ಇನ್ನೊಂದು ತಂದ್ರಾಯ್ತು, ಇಷ್ಟೊಂದು ಯಾಕೆ ಕೂಗಾಡ್ತೀಯ' ಅಂತ ಕೇಳಬಹುದು. ಯಾಕೆ ಅಂತ ಹೇಳ್ತೀನಿ. ನಾನಿರೋ ಅಪಾರ್ಟ್‌ಮೆಂಟಿನಲ್ಲಿ ಗೇಟಿನಿಂದ ಲಿಫ್ಟಿನ ತನಕ ಸಾಲಾಗಿ ಇಕ್ಸೋರಾ ಹಾಕಿಸಿದ್ರು. ಎರಡು ಸಲ ಹಳದಿಯಾಗಿ ಒಣಗಿತು, ಎರಡು ಸಲ ಹೊಸದಾಗಿ ತಂದ್ರು. ಮೂರನೇ ಸಲವೂ ಹಳದಿಗೆ ತಿರುಗಿದಾಗ ಮೀಟಿಂಗಲ್ಲಿ ಎಲ್ಲರ ಬೆರಳೂ ತಿರುಗಿದ್ದು ಮಾಲಿಯ ಕಡೆಗೆ. ಸರಿಯಾಗಿ ನೀರು ಹಾಕಲ್ಲ, ಗೊಬ್ಬರ ಕದ್ದು ಮಾರ್ಕೊಳ್ತಾನೆ, ಫೋನಲ್ಲೇ ಇರ್ತಾನೆ. "ನಾನೇನ್ ಮಾಡ್ಲಿ ಸಾರ್, ಗೊಬ್ಬರ ಹಾಕಿದ್ರೂ ಹಳದಿ, ಹಾಕ್ದಿದ್ರೂ ಹಳದಿ" ಅಂತ ಆ ಮನುಷ್ಯ ನನ್ನ ಹತ್ರ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಫೀಸಿನ ಫೈಲಲ್ಲಿ ನೀರಿನ ಲ್ಯಾಬ್ ರಿಪೋರ್ಟ್ ಇತ್ತು. ಟೋಟಲ್ ಆಲ್ಕಲಿನಿಟಿ 380. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ 200, ಬೇರೆ ಮೂಲವಿಲ್ಲದಿದ್ರೆ 600ರ ತನಕ ಒಪ್ಪಬಹುದು. ಹಾಗಾಗಿ ಆ ಸಾಲಿನ ಮುಂದೆ ಯಾರೋ ಪಾಸ್ ಅಂತ ಟಿಕ್ ಹಾಕಿ ಇಟ್ಟಿದ್ರು. ಮನುಷ್ಯನಿಗೆ ಪಾಸಾದ ನೀರು ಇಕ್ಸೋರಾಕ್ಕೆ ಫೇಲು! ನರ್ಸರಿ ಲೆಕ್ಕದಲ್ಲಿ 150 ದಾಟಿದ್ರೇ ಹುಷಾರಾಗಬೇಕು. ಅದರ ಮೇಲೆ ಸಾಫ್ಟ್‌ನರ್ ಬೇರೆ. ರಿಪೋರ್ಟನ್ನ ಗ್ರೂಪಿಗೆ ಹಾಕಿ ವಿವರಿಸಿದೆ. ನಾಲ್ಕು ಥಂಬ್ಸಪ್ ಬಂತು. ಮೇ ಕೊನೆಗೆ ಮಾಲಿಯನ್ನ ಬಿಡಿಸಿದ್ರು.

ಜೂನಿಗೆ ಹೊಸ ಮಾಲಿ ಬಂದ. ಮಳೆಯೂ ಬಂತು. ಮಳೆನೀರಲ್ಲಿ ಬೈಕಾರ್ಬೊನೇಟ್ ಇಲ್ಲವೇ ಇಲ್ಲ ಅನ್ನಬಹುದು, ಜೊತೆಗೆ ಸೇರಿಕೊಂಡಿದ್ದ ಉಪ್ಪನ್ನೂ ತೊಳೀತು. ಆಗಸ್ಟಿಗೆ ಇಕ್ಸೋರಾ ಹಸಿರು. 'ನೋಡಿ, ಹೊಸಬನ ಕೈಗುಣ ಹೇಗಿದೆ!' ಅಂದ್ರು. ಕೈಗುಣ ಅನ್ನೋ ಪದ ಕೇಳಿದ್ರೆ ನಂಗೆ ಮೈ ಉರಿಯೋದು ಇದಕ್ಕೇ. ಆ ಪದದಿಂದ ಒಬ್ಬನ ಅನ್ನ ಹೋಗಿದೆ.

ಇನ್ನು ನೀವು ಎತ್ತೋ ಆಕ್ಷೇಪಕ್ಕೆ ಬರ್ತೀನಿ. "ನಮ್ಮಜ್ಜಿ ಯಾವ ಮೀಟರ್ ಇಟ್ಕೊಂಡಿದ್ರು? ಬೂದಿ ಹಾಕ್ತಿದ್ರು, ಗಿಡ ಬರ್ತಿತ್ತು." ಒಪ್ಪಿದೆ. ಅಜ್ಜಿ ಸರಿಯಾಗೇ ಮಾಡ್ತಿದ್ರು. ನಿಮ್ಮಜ್ಜಿಯ ಮನೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಇತ್ತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಮಲೆನಾಡಿನ ಮಣ್ಣು ಹುಳಿ. 5.5ಕ್ಕಿಂತ ಕೆಳಗಿಳಿದ್ರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡೋಕೆ ಶುರು ಮಾಡುತ್ತೆ. ಅಲ್ಲಿ ಬೂದಿ, ಸುಣ್ಣ ಅಮೃತ. ಕಾಫಿ ತೋಟದವರು ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕೋದು ಸುಮ್ಮನೆ ಅಲ್ಲ. ಅಜ್ಜಿಯ ಗಿಡ ನೆಲದಲ್ಲಿತ್ತು, ಒಂಬತ್ತು ಲೀಟರ್ ಕುಂಡದಲ್ಲಲ್ಲ. ಅಜ್ಜಿಯ ಬಾವಿಯ ನೀರಲ್ಲಿ ಸಾಬೂನು ಬುಸಬುಸ ನೊರೆ ಬರ್ತಿತ್ತು. ಅಜ್ಜಿಯ ಉತ್ತರವನ್ನ ಹೊತ್ಕೊಂಡು ಬಂದ್ರಿ, ಪ್ರಶ್ನೆಯನ್ನ ಅಲ್ಲೇ ಬಿಟ್ಟು ಬಂದ್ರಿ.

ಮತ್ತೆ, ಹಳಬರು ಅಳೀತಿರಲಿಲ್ಲ ಅಂತ ಯಾರು ಹೇಳಿದ್ದು? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋದನ್ನ ನೋಡಿದೀರಾ? ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಸೇರಿಸಿ, ಹದ ಬಂತಾ ಅಂತ ನೋಡೋಕೆ ಕತ್ತಿಯ ಅಲಗನ್ನೋ ಬ್ಲೇಡನ್ನೋ ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ರೆ ಇನ್ನೂ ಹುಳಿಯಿದೆ, ಸುಣ್ಣ ಸಾಲದು. ಹತ್ತದಿದ್ರೆ ಸರಿ. ಇದು ಪಿಎಚ್ ಟೆಸ್ಟ್ ಅಲ್ದೆ ಮತ್ತೇನು? ಹುಳಿ ಉಳಿದ ದ್ರಾವಣ ಹೊಡೆದ್ರೆ ಕೊನೆ ಸುಟ್ಟುಹೋಗುತ್ತೆ, ವರ್ಷದ ಫಸಲು ಹೋಗುತ್ತೆ ಅಂತ ಗೊತ್ತಿದ್ದಕ್ಕೇ ಅವರು ಅಳೆದ್ರು. ನಾವು ಅಳೆಯಲ್ಲ, ಯಾಕಂದ್ರೆ ನಮ್ದು ಹೋದ್ರೆ ಇನ್ನೂರು ರೂಪಾಯಿ ಗಿಡ, ಜೊತೆಗೆ ಮಾಲಿಯ ಕೆಲಸ.

ಹಾಗಂತ ಏನೋ ಒಂದರಿಂದ ಅಳೆದ್ರೆ ಸಾಲದು. ಬ್ಯಾಟರಿಯಿಲ್ಲದೆ, ಎರಡು ಕಡ್ಡಿ ಚುಚ್ಚಿದ್ರೆ ತೇವ, ಬೆಳಕು, ಪಿಎಚ್ ಮೂರೂ ತೋರಿಸ್ತೀನಿ ಅನ್ನೋ ಹಸಿರು ಡಬ್ಬಿ ಎಲ್ಲ ಕಡೆ ಮಾರಾಟಕ್ಕಿದೆ. ಅದರ ಪಿಎಚ್ ಮುಳ್ಳನ್ನ ನಂಬೋ ಬದಲು ಗಿಳಿಶಾಸ್ತ್ರ ಕೇಳೋದು ಮೇಲು. ಮಣ್ಣಿನ ತೇವ ಏರಿದ್ರೆ ಸಾಕು, ಅದರ ಮುಳ್ಳು ಕುಣಿಯುತ್ತೆ. ಗಾಜಿನ ಬಲ್ಬಿರೋ ಪೆನ್ ಥರದ ಮೀಟರ್ ತಗೊಳ್ಳಿ, ಸಾವಿರದೊಳಗೂ ಸಿಗುತ್ತೆ. ಜೊತೆಗೆ ಕೊಡೋ ಬಫರ್ ಪುಡಿ ಕರಗಿಸಿ ಕ್ಯಾಲಿಬ್ರೇಟ್ ಮಾಡದೆ ಬಳಸಬೇಡಿ. ಅಳೆಯೋದೂ ಸುಲಭ. ಗಿಡಕ್ಕೆ ಚೆನ್ನಾಗಿ ನೀರು ಹಾಕಿ ಒಂದು ಗಂಟೆ ಬಿಡಿ, ಆಮೇಲೆ ಮೇಲಿಂದ ಒಂದು ಲೋಟ ಡಿಸ್ಟಿಲ್ಡ್ ವಾಟರ್ ಹುಯ್ದು ತಟ್ಟೆಗೆ ಇಳಿದ ನೀರನ್ನ ಅಳೆಯಿರಿ. ಮೀಟರ್ ಬೇಡ ಅನ್ನೋರಿಗೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ಜಿಕೆವಿಕೆ ಇದೆ, ಮಣ್ಣು ಪರೀಕ್ಷೆ ಮಾಡಿಕೊಡ್ತಾರೆ. ರೈತರಿಗೆ 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ ಹನ್ನೆರಡು ಅಂಶಗಳಲ್ಲಿ ರಸಸಾರವೂ ಒಂದು.

ಅಳೆದು 7.5ರ ಮೇಲೆ ಬಂತು ಅಂದ್ರೆ? ಮೊದಲ ಮದ್ದು ಮಳೆನೀರು. ಬೆಂಗಳೂರಲ್ಲಿ 2009ರಿಂದ ಮಳೆಕೊಯ್ಲಿಗೆ ಕಾನೂನೇ ಇದೆ. ಕಾನೂನಿಗೆ ಹೆದರಿ ಹಾಕಿಸಿದ ಪೈಪಿಗೆ ಒಂದು ಡ್ರಮ್ ಇಡಿ, ಗಾರ್ಡೇನಿಯಾಕ್ಕೂ ಇಕ್ಸೋರಾಕ್ಕೂ ಅದನ್ನ ಮೀಸಲಿಡಿ. ಎರಡನೇದು ಗಂಧಕ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ನಿಧಾನವಾಗಿ ಸಲ್ಫ್ಯೂರಿಕ್ ಆಮ್ಲ ಮಾಡುತ್ತೆ, ವಾರಗಳಿಂದ ತಿಂಗಳುಗಳೇ ಹಿಡಿಯುತ್ತೆ. ಒಂದು ಗ್ರಾಂ ಗಂಧಕ ಸುಮಾರು ಮೂರು ಗ್ರಾಂ ಸುಣ್ಣಕ್ಕೆ ಉತ್ತರ. ಮೇಲಿನ ಲೆಕ್ಕದ ಕುಂಡಕ್ಕೆ ಹೆಚ್ಚೆಂದ್ರೆ ತಿಂಗಳಿಗೆ ಒಂದೂವರೆ ಗ್ರಾಂ, ಅದೂ ಮಧ್ಯೆ ಮಧ್ಯೆ ಅಳೀತಾ. ಗೊಬ್ಬರ ಕೊಡೋದೇ ಇದ್ರೆ ಅಮೋನಿಯಂ ಸಲ್ಫೇಟ್ ಕೊಡಿ, ಅದೂ ಹುಳಿ ಮಾಡುತ್ತೆ. 'ಅಯ್ಯೋ ಕೆಮಿಕಲ್' ಅನ್ನೋರಿಗೆ: ಮೊಟ್ಟೆ ಸಿಪ್ಪೆಯೂ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ ;-)

ಅಲ್ಲಿಯ ತನಕ ಬಿಳಿಚಿದ ಚಿಗುರಿಗೆ ಅನ್ನಭೇದಿ ಇದೆಯಲ್ಲ, ಫೆರಸ್ ಸಲ್ಫೇಟ್. ಕ್ಷಾರದ ಮಣ್ಣಿಗೆ ಹಾಕಿದ್ರೆ ನಾಲ್ಕು ದಿನಕ್ಕೆ ತುಕ್ಕಾಗಿ ಕೂರುತ್ತೆ, ದಂಡ. ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಸಂಜೆ ಎಲೆಗೆ ಸಿಂಪಡಿಸಿ, ಮೊದಲು ನಾಲ್ಕು ಎಲೆಗೆ ಹೊಡೆದು ಸುಡುತ್ತಾ ನೋಡ್ಕೊಂಡು. ಅಂಗಡಿಯ ಕಬ್ಬಿಣದ ಕೀಲೇಟ್ ತರೋರು ಪ್ಯಾಕೆಟ್ಟಿನ ಅಕ್ಷರ ಓದಿ. ಇಡಿಟಿಎ ಅಂತಿದ್ರೆ 6.5ರ ಮೇಲೆ ಅದರ ಹಿಡಿತ ಸಡಿಲ, ಡಿಟಿಪಿಎ 7.5ರ ತನಕ. ಅದರಾಚೆಗೆ ಬೇಕಿರೋದು ಇಡಿಡಿಎಚ್‌ಎ. ಕ್ಷಾರದ ಕುಂಡಕ್ಕೆ ಇಡಿಟಿಎ ಸುರಿಯೋದು ಸೋರೋ ಬಕೆಟ್ಟಿಗೆ ನೀರು ತುಂಬಿದ ಹಾಗೆ.

ಉತ್ತರ ಕರ್ನಾಟಕದ ಗೆಳೆಯರೇ, ಎರೆಮಣ್ಣಿನ ಹೊಲಕ್ಕೆ ಈ ಗಂಧಕದ ಲೆಕ್ಕ ತರಬೇಡಿ. ಸುಣ್ಣದ ಹರಳು ನೂರಕ್ಕೆ ಐದು ಭಾಗ ಇದ್ರೂ ಎಕರೆಗೆ ಹದಿನಾಲ್ಕು ಟನ್ನಿನಷ್ಟು ಗಂಧಕ ಬೇಕಾಗುತ್ತೆ. ಅಲ್ಲಿ ಮಣ್ಣನ್ನ ಬದಲಾಯಿಸೋದಲ್ಲ, ಮಣ್ಣಿಗೆ ಒಗ್ಗೋ ಗಿಡ ಆರಿಸೋದು. ಜಿಪ್ಸಂ ಕೂಡ ಸೋಡಿಯಂ ಹೆಚ್ಚಿರೋ ಚೌಳಿಗೆ ಮದ್ದೇ ಹೊರತು ಎಲ್ಲ ಕ್ಷಾರಕ್ಕೂ ಅಲ್ಲ.

ನರ್ಸರಿಯವರನ್ನೂ ಸುಮ್ಮನೆ ಬಿಡೋ ಹಾಗಿಲ್ಲ. ಬೆಂಗಳೂರಿನ ನರ್ಸರಿಗೆ ಗಿಡ ಬರೋದು ಆಂಧ್ರದ ಕಡಿಯಂನಿಂದ, ಪುಣೆ ಕಡೆಯಿಂದ. ಅಲ್ಲಿಯ ಮಣ್ಣುಂಡೆ ಸಮೇತ. ಅದನ್ನ ಸಾಕಿದ ಮಣ್ಣು ಯಾವುದು, ನೀರು ಯಾವುದು ಅಂತ ಮಾರೋರಿಗೂ ಗೊತ್ತಿಲ್ಲ, ಕೊಳ್ಳೋರೂ ಕೇಳಲ್ಲ. ಬಿಸ್ಕತ್ ಪೊಟ್ಟಣಕ್ಕೆ ಇಷ್ಟುದ್ದ ಲೇಬಲ್ ಕೇಳೋ ನಾವು, ಗಿಡದ ಪ್ಯಾಕೆಟ್ಟಿಗೆ 'ರಸಸಾರ ಇಷ್ಟಿರಲಿ, ಗಡಸು ನೀರು ಆಗದು' ಅಂತ ಎರಡು ಸಾಲು ಯಾಕೆ ಕೇಳಬಾರದು? ನಾನು ಈಚೆಗೆ ಹೋದಲ್ಲೆಲ್ಲ ಕೇಳ್ತಿದೀನಿ. ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತೆ.

ತೋಟದ ಬಗ್ಗೆ ಬರೆಯೋರು ಮುಂದಿನ ಸಲ ಟಿಪ್ಸ್ ಬರೆಯುವಾಗ ನಿಮ್ಮೂರು, ನಿಮ್ಮ ಮಣ್ಣಿನ ರಸಸಾರ, ನೀವು ಹಾಕೋ ನೀರು ಎಲ್ಲಿಂದ ಅನ್ನೋ ಮೂರು ವಿಷಯ ಮೇಲೆ ಹಾಕಿಬಿಡಿ. ಓದೋರು ತಮಗೆ ಹೊಂದುತ್ತಾ ಅಂತ ತಾವೇ ನೋಡ್ಕೊಳ್ತಾರೆ.

ಇನ್ನೊಂದು ಕೆಲಸ ಇದೆ. ನಿಮ್ಮ ಅಪಾರ್ಟ್‌ಮೆಂಟ್ ಆಫೀಸಿನ ಫೈಲಲ್ಲೋ, ಬೋರ್ ಕೊರೆಸಿದಾಗ ಮಾಡಿಸಿದ ಕಾಗದದಲ್ಲೋ ನೀರಿನ ರಿಪೋರ್ಟ್ ಇದ್ದೇ ಇರುತ್ತೆ. ಟೋಟಲ್ ಆಲ್ಕಲಿನಿಟಿ ಅನ್ನೋ ಸಾಲಿನ ಅಂಕಿ ಮತ್ತು ನಿಮ್ಮ ಏರಿಯಾ ಹೆಸರನ್ನ ಕಾಮೆಂಟಲ್ಲಿ ಹಾಕಿ. ಮನೆ ನಂಬರ್ ಬೇಡ. ಬಂದಷ್ಟನ್ನ ಒಂದು ಪಟ್ಟಿ ಮಾಡಿ ಇಲ್ಲೇ ಹಾಕ್ತೀನಿ. ನನ್ನದು 380, ಮೊದಲ ಸಾಲು ಅದೇ.